ಅಪ್ಪ ಅಮ್ಮನೊಡನೆ ಸ್ಟಾಕ್‌ಹೋಮ್: ಮೇ ತಿಂಗಳೋ ಜೂನೋ, ಒಂದು ಊರೋ ನಾಲ್ಕೋ?

ಶಿವಮೊಗ್ಗದ ಮಗಳು (ಫೆಬ್ರವರಿ 3)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮೂರು ವರ್ಷದಿಂದ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿದ್ದಾನೆ, ಮನೆ ಪಕ್ಕದ ಸೋಲ್ನಾದಲ್ಲಿ. ಈ ವರ್ಷ ಅಪ್ಪ ಅಮ್ಮನನ್ನು ಕರೆದುಕೊಂಡು ನಾವೂ ಹೋಗಿಬರುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಒಟ್ಟು ಆರು ಜನ. ಅಪ್ಪನಿಗೆ 71, ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಅಮ್ಮನಿಗೆ 66, ಮಂಡಿನೋವು ಇದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದರೇ ಅವರಿಗೆ ದಿನ. ಜೊತೆಗೆ ನಾನು, ನನ್ನ ಯಜಮಾನರು, 11 ವರ್ಷದ ಮಗ, 5 ವರ್ಷದ ಮಗಳು.

ತಮ್ಮ ಉತ್ಸಾಹದಿಂದ ಒಂದು ಪಟ್ಟಿ ಹಾಕಿ ಕಳಿಸಿದ್ದಾನೆ. ಜೂನ್ ಮಧ್ಯದಲ್ಲಿ 12 ದಿನ: ಸ್ಟಾಕ್‌ಹೋಮ್ ನಾಲ್ಕು ದಿನ, ರಾತ್ರಿ ಹಡಗಿನಲ್ಲಿ ಹೆಲ್ಸಿಂಕಿಗೆ ಹೋಗಿಬರುವುದು, ಆಮೇಲೆ ರೈಲಿನಲ್ಲಿ ಓಸ್ಲೋ, ಅಲ್ಲಿಂದ ಕೋಪನ್‌ಹೇಗನ್. "ಅಪ್ಪ ಅಮ್ಮ ಇನ್ನೊಮ್ಮೆ ಇಷ್ಟು ದೂರ ಬರುವುದು ಅನುಮಾನ ಅಕ್ಕ, ಬಂದಾಗಲೇ ಎಲ್ಲ ತೋರಿಸಿಬಿಡೋಣ" ಎನ್ನುತ್ತಾನೆ. ಅವನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕಳೆದ ವರ್ಷ ಧರ್ಮಸ್ಥಳಕ್ಕೆ ಹೋಗಿಬಂದ ಮೇಲೆ ಅಮ್ಮ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಅಪ್ಪ ಕೇಳಿರುವುದು ಒಂದೇ: "ರಾಮನ್ ಅವರು ನೊಬೆಲ್ ಬಹುಮಾನ ತೆಗೆದುಕೊಂಡ ಜಾಗದಲ್ಲಿ ಒಂದು ಸಲ ನಿಲ್ಲಬೇಕು." ಆ ಜಾಗ ಯಾವುದು? ಅಲ್ಲಿಗೆ ಹೋಗಲು ಬಿಡುತ್ತಾರೆಯೇ? ಇನ್ನೊಂದು ತೊಡಕು, ನಮ್ಮ ಶಾಲೆಗಳು ಮೇ ಕೊನೆಯಲ್ಲಿ ಶುರುವಾಗುತ್ತವೆ. ಜೂನ್ ಎಂದರೆ ಮಕ್ಕಳಿಗೆ ಆರಂಭದ ಪಾಠಗಳೇ ತಪ್ಪುತ್ತವೆ. ತಿಳಿದವರು ದಯವಿಟ್ಟು ಹೇಳಿ.

ಕಿಸ್ಟಾ ವಾಸಿ

ನಾನು ಇಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ನಮ್ಮ ಮನೆಗೂ ಹಿರಿಯರು ಬಂದುಹೋಗಿದ್ದಾರೆ. ಮೊದಲು ತಿಂಗಳ ಮಾತು. ಮೇ ತಿಂಗಳಲ್ಲೇ ಬನ್ನಿ, ಅನುಮಾನ ಬೇಡ. ಈ ವರ್ಷ ಮೇ 14 ಗುರುವಾರ, ಕ್ರಿಸ್ತನ ಸ್ವರ್ಗಾರೋಹಣದ ರಜೆ. ಮರುದಿನ ಶುಕ್ರವಾರವನ್ನು ಇಲ್ಲಿ ಕ್ಲೆಮ್‌ದಾಗ್ ಎನ್ನುತ್ತಾರೆ, ಎರಡು ರಜೆಗಳ ನಡುವೆ ಸಿಕ್ಕಿಕೊಂಡ ದಿನ; ಬಹಳ ಜನ ಅಂದು ರಜೆ ಹಾಕುತ್ತಾರೆ. ನೀವು 13ಕ್ಕೆ ಬಂದಿಳಿದರೆ ನಿಮ್ಮ ತಮ್ಮ ಒಂದೇ ದಿನದ ರಜೆ ಖರ್ಚು ಮಾಡಿ ನಾಲ್ಕು ದಿನ ನಿಮ್ಮ ಜೊತೆ ಇರಬಹುದು.

ಜೂನ್ ಮಧ್ಯ ಎಂದರೆ ಮಿಡ್‌ಸಮ್ಮರ್ ಹಬ್ಬ. ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರ ಅದು, ಈ ಸಲ 19ಕ್ಕೇ ಬಿದ್ದಿದೆ. ಚಂದದ ಹಬ್ಬ. ಆದರೆ ಅಂದು ಊರಿಗೆ ಊರೇ ಹಳ್ಳಿಮನೆಗಳಿಗೆ ಹೊರಟುಹೋಗುತ್ತದೆ, ಅಂಗಡಿ ಹೋಟೆಲುಗಳು ಎಷ್ಟೋ ಮುಚ್ಚಿರುತ್ತವೆ. ಹಳ್ಳಿಯಲ್ಲಿ ಪರಿಚಯದ ಸ್ವೀಡಿಷ್ ಮನೆ ಇದ್ದರೆ ಸರಿ, ಇಲ್ಲದಿದ್ದರೆ ಖಾಲಿ ಬೀದಿ ನೋಡಿಕೊಂಡು ಕೂರಬೇಕು.

ಊರೂರು ಸುತ್ತುವವ

ನಾನು ತಮ್ಮನ ಪರ. ವೀಸಾ ಒಂದೇ, ನಾಲ್ಕು ದೇಶಕ್ಕೂ ಸಲ್ಲುತ್ತದೆ. ಸ್ಟಾಕ್‌ಹೋಮಿನಿಂದ ಓಸ್ಲೋಗಾಗಲಿ ಕೋಪನ್‌ಹೇಗನ್‌ಗಾಗಲಿ ರೈಲಿನಲ್ಲಿ ಐದಾರು ಗಂಟೆ, ಅಷ್ಟೇ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದ ಹಾಗೆ. ಇಷ್ಟು ಹಣ ಸುರಿದು ಅಷ್ಟು ದೂರ ಹೋಗಿ ಒಂದೇ ಊರು ನೋಡಿ ಬರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹೆಲ್ಸಿಂಕಿಯ ಹಡಗಂತೂ ಬಿಡಲೇಬೇಡಿ. ಸಂಜೆ ಹತ್ತಿದರೆ ಬೆಳಿಗ್ಗೆ ಫಿನ್‌ಲೆಂಡ್, ದ್ವೀಪಗಳ ನಡುವೆಯೇ ಮೊದಲ ಕೆಲವು ಗಂಟೆಗಳ ದಾರಿ. ಹಿರಿಯರಿಗೆ ಮಲಗಲು ಕೋಣೆ ಇರುತ್ತದೆ, ನಡೆಯುವ ಕೆಲಸವೇ ಇಲ್ಲ.

ಮೂರು ಸಲ ಹೋದ ಅಜ್ಜಿ

ಮಗಳೇ, ನನಗೆ ಈಗ 69. ಮಗನ ಮನೆಗೆ ಮೂರು ಸಲ ಹೋಗಿಬಂದಿದ್ದೇನೆ. ನಿನ್ನ ಅಮ್ಮನ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ.

ಮೊದಲ ಸಲ ನನ್ನ ಮಗನೂ ನಿನ್ನ ತಮ್ಮನ ಹಾಗೆಯೇ ಓಡಾಡಿಸಿದ. ಹತ್ತು ದಿನದಲ್ಲಿ ಮೂರು ದೇಶ. ಇವತ್ತು ಆ ಹತ್ತು ದಿನದಲ್ಲಿ ನನಗೆ ನೆನಪಿರುವುದು ಚೀಲ ಕಟ್ಟಿದ್ದು, ಚೀಲ ಬಿಚ್ಚಿದ್ದು, ಎಲ್ಲಿ ಶೌಚಾಲಯ ಎಂದು ಹುಡುಕಿದ್ದು. ಮಗ ಆಫೀಸಿಗೆ ರಜೆ ಹಾಕಿ ಜೊತೆಗಿದ್ದರೂ ಅವನೊಡನೆ ಕೂತು ಮಾತಾಡಲು ಹೊತ್ತು ಸಿಗಲಿಲ್ಲ. ಎರಡನೆಯ ಸಲ ಹೋದಾಗ ಎಲ್ಲಿಗೂ ಹೋಗುವುದಿಲ್ಲ ಎಂದು ಮೊದಲೇ ಹೇಳಿದೆ. ಬೆಳಿಗ್ಗೆ ಅವನಿಗೆ ಅವಲಕ್ಕಿ ಮಾಡಿಕೊಟ್ಟು, ಮೊಮ್ಮಗಳನ್ನು ಶಾಲೆಗೆ ಬಿಡಲು ನಡೆದುಹೋಗಿ, ಬರುವಾಗ ದಾರಿಯ ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಆ ಬೆಂಚು, ಅದರ ಪಕ್ಕದ ಬರ್ಚ್ ಮರ, ದಿನಾ ನಾಯಿ ಕರೆದುಕೊಂಡು ಬಂದು "ಹೇಯ್" ಎಂದು ಹೇಳಿ ಹೋಗುತ್ತಿದ್ದ ಮುದುಕ, ಇವೆಲ್ಲ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ನನ್ನ ಮಗ ಎಂಥ ಊರಿನಲ್ಲಿ ಬದುಕುತ್ತಿದ್ದಾನೆ ಎಂಬುದು ನನಗೆ ಗೊತ್ತಾಗಿದ್ದು ಆಗ.

ದಿನಕ್ಕೆ ಒಂದೇ ಜಾಗ ಇಟ್ಟುಕೋ. ಎರಡು ದಿನ ಹೊರಗೆ, ಒಂದು ದಿನ ಮನೆ. ನಿನ್ನ ತಮ್ಮ ಬೇಜಾರು ಮಾಡಿಕೊಂಡರೆ ನನ್ನ ಈ ಮಾತನ್ನು ಅವನಿಗೆ ತೋರಿಸು.

ಶಿವಮೊಗ್ಗದ ಮಗಳು

ಅಮ್ಮ, ನಿಮ್ಮ ಮಾತು ಓದಿ ಕಣ್ಣು ತುಂಬಿ ಬಂತು. ತಮ್ಮನಿಗೆ ಕಳಿಸಿದ್ದೇನೆ. ಒಂದು ಸಣ್ಣ ಪ್ರಶ್ನೆ, ಅಮ್ಮ ಕೇಳಲು ಹೇಳಿದ್ದು: ಅಲ್ಲಿ ಅಷ್ಟು ತಡವಾಗಿ ಕತ್ತಲಾದರೆ ಸಂಜೆ ದೇವರಿಗೆ ದೀಪ ಹಚ್ಚುವುದು ಯಾವಾಗ?

ಮೂರು ಸಲ ಹೋದ ಅಜ್ಜಿ

ನಾನೂ ಮೊದಲು ಇದನ್ನೇ ಕೇಳಿದ್ದೆ. ಮೇ ಮಧ್ಯದಲ್ಲಿ ಸೂರ್ಯ ಮುಳುಗುವಾಗ ಒಂಬತ್ತೂಕಾಲು, ಜೂನಿನಲ್ಲಿ ಹತ್ತು ದಾಟುತ್ತದೆ. ಸೂರ್ಯನನ್ನು ಕಾದರೆ ಮಕ್ಕಳ ಊಟ ನಿದ್ದೆ ಎಲ್ಲ ಏರುಪೇರು. ನಾನು ಗಡಿಯಾರ ನೋಡಿ ಏಳಕ್ಕೆ ಹಚ್ಚುತ್ತಿದ್ದೆ. ಊದುಬತ್ತಿಯನ್ನು ಮಾತ್ರ ಕಿಟಕಿ ತೆರೆದು ಹಚ್ಚಲು ಹೇಳು. ಮನೆಮನೆಯಲ್ಲೂ ಚಾವಣಿಗೆ ಹೊಗೆ ಪತ್ತೆಹಚ್ಚುವ ಯಂತ್ರ ಹಾಕಿರುತ್ತಾರೆ. ಒಮ್ಮೆ ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಕೂಗಿಕೊಂಡಾಗ ನನ್ನ ಎದೆ ಒಡೆದುಹೋದ ಹಾಗಾಗಿತ್ತು. ಒಗ್ಗರಣೆ ಹಾಕುವ ಮೊದಲು ಒಲೆಯ ಮೇಲಿನ ಫ್ಯಾನ್ ಹಾಕಬೇಕು. ಒಂದು ಚೊಂಬನ್ನೂ ಚೀಲದಲ್ಲಿ ಇಟ್ಟುಕೊಳ್ಳಿ, ಹೇಳಬೇಕಾಗಿಲ್ಲ.

ವೀಸಾ ಅನುಭವಿ

ಫೆಬ್ರವರಿಯಲ್ಲೇ ಕೇಳಿದ್ದು ಒಳ್ಳೆಯದಾಯಿತು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಕೊಡಬಹುದು, ತೀರಾ ಕೊನೆಯೆಂದರೆ 15 ದಿನ ಮೊದಲು. ಆದರೆ ಬೇಸಿಗೆಗೆ ಮುನ್ನ ಜನ ಹೆಚ್ಚು, ಮಾರ್ಚ್ ಮೊದಲ ವಾರ ಮೀರಬೇಡಿ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12ರೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅಂದರೆ ನಿಮ್ಮ ಆರು ಜನಕ್ಕೆ 405 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಸೇವಾಶುಲ್ಕ. ತಲಾ 30,000 ಯೂರೋಗೆ ಕಡಿಮೆಯಿಲ್ಲದ ಪ್ರಯಾಣ ವಿಮೆ ಕಡ್ಡಾಯ. ಅಪ್ಪನಿಗೆ 70 ದಾಟಿರುವುದರಿಂದ ವಿಮೆಯ ಕಂತು ಬೇರೆಯವರಿಗಿಂತ ಹೆಚ್ಚು ಬರುತ್ತದೆ, ಮೊದಲೇ ವಿಚಾರಿಸಿ.

ಕೆಲಸದ ಬಹುಪಾಲು ನಿಮ್ಮ ತಮ್ಮನ ಕಡೆಯಿಂದ ಆಗಬೇಕು. ಅವರು ಅಲ್ಲಿಯ ವಲಸೆ ಇಲಾಖೆಯ ಆಹ್ವಾನ ನಮೂನೆ ತುಂಬಿ, ತೆರಿಗೆ ಇಲಾಖೆಯಿಂದ ಪರ್ಸೂನ್‌ಬೆವಿಸ್ ಎಂಬ ನಿವಾಸ ದಾಖಲೆ ತೆಗೆದು ಎರಡನ್ನೂ ಕಳಿಸಬೇಕು. ಇಲ್ಲಿಂದ ಅಪ್ಪನ ಪಿಂಚಣಿ ದಾಖಲೆ, ಬ್ಯಾಂಕ್ ಲೆಕ್ಕ, ನಿಮ್ಮ ಯಜಮಾನರ ರಜೆ ಮಂಜೂರಾತಿ ಪತ್ರ, ಮಕ್ಕಳ ಶಾಲೆಯ ಪತ್ರ. ಅವರು ನೋಡುವುದು ಒಂದೇ ವಿಷಯ: ಇವರು ಮರಳಿ ಊರಿಗೆ ಹೋಗುತ್ತಾರೆಯೇ? ಮನೆ, ಜಮೀನು, ಪಿಂಚಣಿ, ಮೊಮ್ಮಕ್ಕಳ ಶಾಲೆ ಇವೆಲ್ಲ ಅದಕ್ಕೆ ಉತ್ತರ. ಒಂದೇ ದೇಶಕ್ಕೆ ಹೋಗುವುದಾದರೆ ಇನ್ನೂ ಒಂದು ಅನುಕೂಲ, ಎಲ್ಲ ಕಾಗದವೂ ಒಂದೇ ಕಥೆ ಹೇಳುತ್ತವೆ.

ವಿಮಾನದ ಬಗ್ಗೆ ಯಾರೂ ಹೇಳದ ಒಂದು ಮಾತು. ಬೆಂಗಳೂರಿನಿಂದ ಸ್ಟಾಕ್‌ಹೋಮಿಗೆ ನೇರ ವಿಮಾನವಿಲ್ಲ, ಎಲ್ಲಾದರೂ ಇಳಿದು ಹತ್ತಲೇಬೇಕು. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಗಡಿ ತಪಾಸಣೆ ಫ್ರಾಂಕ್‌ಫರ್ಟಿನಲ್ಲೇ ಆಗುತ್ತದೆ, ಮುಂದಿನ ವಿಮಾನ ತಪ್ಪೀತೆಂಬ ಆತಂಕದ ನಡುವೆ. ದೋಹಾ ಅಥವಾ ದುಬೈ ಮೂಲಕ ಹೋದರೆ ತಪಾಸಣೆ ಸ್ಟಾಕ್‌ಹೋಮಿನ ಆರ್ಲಾಂಡಾ ವಿಮಾನ ನಿಲ್ದಾಣದಲ್ಲಿ. ಮುಂದೆ ಓಡಬೇಕಾದ್ದಿಲ್ಲ, ಹೊರಗೆ ಮಗ ಕಾಯುತ್ತಿರುತ್ತಾನೆ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆಯುವ ಹೊಸ ಪದ್ಧತಿ ಬಂದಿದೆ. ಸಾಲು ನಿಧಾನ. ಹಿರಿಯರಿದ್ದರೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ. ಟಿಕೆಟ್ ಮಾಡುವಾಗಲೇ ಅಮ್ಮನಿಗೆ ಗಾಲಿಕುರ್ಚಿ ಬೇಕೆಂದು ಬರೆಸಿ. ನಡೆಯಬಲ್ಲೆ ಎಂದು ಅವರು ಸಂಕೋಚಪಟ್ಟರೂ ಬರೆಸಿ.

ಸೋಲ್ನಾ ಸೊಸೆ

ತುಪ್ಪ ತರಬೇಡಿ. ಹೊರದೇಶದಿಂದ ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಯುರೋಪಿನೊಳಗೆ ತರುವಂತಿಲ್ಲ. ಹಸಿ ಕರಿಬೇವನ್ನೂ ತರುವಂತಿಲ್ಲ. ಸೊಪ್ಪು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ನನ್ನ ಅತ್ತೆ ಎರಡು ಕಿಲೋ ಮನೆ ತುಪ್ಪ ಕಾಸಿ ಡಬ್ಬಕ್ಕೆ ಹಾಕಿ ತಂದಿದ್ದರು, ಆರ್ಲಾಂಡಾದಲ್ಲಿ ಬಿಟ್ಟುಬರಬೇಕಾಯಿತು. ಆ ದಿನವೆಲ್ಲ ಅವರು ಮಾತಾಡಲಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಒಣಗಿಸಿ ಪುಡಿ ಮಾಡಿದ ಕರಿಬೇವು ತನ್ನಿ. ಇಲ್ಲಿಯ ಬೆಣ್ಣೆ ಒಳ್ಳೆಯದು, ಅಮ್ಮ ಇಲ್ಲೇ ತುಪ್ಪ ಕಾಸಬಹುದು.

ಮೊಸರಿಗೆ ಚಿಂತೆಯಿಲ್ಲ. ಫಿಲ್‌ಮ್ಯೋಲ್ಕ್ ಎಂಬ ಹುಳಿಹಾಲು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಸ್ವಲ್ಪ ನೀರು, ಉಪ್ಪು, ಶುಂಠಿ ಸೇರಿಸಿದರೆ ಮಜ್ಜಿಗೆಯೇ. ಮೊಟ್ಟೆಯ ವಿಷಯದಲ್ಲಿ ಮಾತ್ರ ಎಚ್ಚರ. ಇಲ್ಲಿಯ ದಾಲ್ಚಿನ್ನಿ ಬನ್ನು, ಏಲಕ್ಕಿ ಬನ್ನುಗಳ ಮೇಲ್ಮೈಗೆ ಸಾಮಾನ್ಯವಾಗಿ ಮೊಟ್ಟೆ ಸವರಿ ಬೇಯಿಸುತ್ತಾರೆ. "ವೆಗಾನ್ಸ್ಕ್" ಎಂದು ಚೀಟಿ ಇರುವುದನ್ನು ಕೇಳಿ ತೆಗೆದುಕೊಳ್ಳಿ, ಅದರಲ್ಲಿ ಹಾಲೂ ಇರುವುದಿಲ್ಲ. ಏಲಕ್ಕಿಯೆಂದರೆ ಇವರಿಗೆ ಎಷ್ಟು ಪ್ರೀತಿಯೆಂದರೆ, ಬೆಳಿಗ್ಗೆ ಬೇಕರಿಯ ಮುಂದೆ ಹಾದುಹೋದರೆ ನಮ್ಮ ಮನೆಯ ಹಬ್ಬದ ದಿನದ ಅಡುಗೆಮನೆಯ ವಾಸನೆ.

ಕಿಸ್ಟಾ ವಾಸಿ

ಓಡಾಟದ ಲೆಕ್ಕ. ಮೆಟ್ರೋ, ಬಸ್, ಟ್ರಾಮ್, ಪೇಟೆಯೊಳಗಿನ ದೋಣಿ ಎಲ್ಲಕ್ಕೂ ಎಸ್ಎಲ್ ಎಂಬ ಒಂದೇ ಟಿಕೆಟ್. ಬಿಡಿ ಟಿಕೆಟ್ 75 ನಿಮಿಷ, ಅಷ್ಟರಲ್ಲಿ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಅದಲ್ಲದೆ 24 ಗಂಟೆ, 72 ಗಂಟೆ, ಏಳು ದಿನದ ಪಾಸುಗಳಿವೆ. ನಿಮ್ಮ ಅಪ್ಪ ಅಮ್ಮ ಇಬ್ಬರಿಗೂ 65 ದಾಟಿರುವುದರಿಂದ ರಿಯಾಯಿತಿ, 11ರ ಮಗನಿಗೂ ರಿಯಾಯಿತಿ, ಮಗಳಿಗೆ ಟಿಕೆಟ್ಟೇ ಬೇಡ. ಆದರೆ ಗಮನಿಸಿ, ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತಾಗಿಸಿದರೆ ಪೂರ್ಣ ದರವೇ ಕಡಿತವಾಗುತ್ತದೆ. ರಿಯಾಯಿತಿ ಬೇಕಾದರೆ ಮೊಬೈಲ್ ಆ್ಯಪಿನಲ್ಲಿ ಅಥವಾ ಎಸ್ಎಲ್ ಕಾರ್ಡಿಗೆ ಮೊದಲೇ ತುಂಬಿಸಬೇಕು.

ಆರ್ಲಾಂಡಾ ಊರಿನಿಂದ ಸುಮಾರು 40 ಕಿಲೋಮೀಟರ್. ವೇಗದ ರೈಲು ಇಪ್ಪತ್ತು ನಿಮಿಷದೊಳಗೆ ಕೇಂದ್ರ ನಿಲ್ದಾಣಕ್ಕೆ ತರುತ್ತದೆ, ದುಬಾರಿ. ಟ್ಯಾಕ್ಸಿ ಹಿಡಿಯುವುದಾದರೆ ಹಿಂಬಾಗಿಲ ಗಾಜಿನ ಮೇಲೆ ಅಂಟಿಸಿರುವ ಹಳದಿ ಚೀಟಿ ಓದಿಯೇ ಹತ್ತಿ. ಇಲ್ಲಿ ಟ್ಯಾಕ್ಸಿ ದರಕ್ಕೆ ಸರ್ಕಾರದ ಮಿತಿಯಿಲ್ಲ, ಪ್ರತಿ ಕಂಪನಿಯೂ ತನ್ನದೇ ದರ ಇಡಬಹುದು. 10 ಕಿಲೋಮೀಟರ್, 15 ನಿಮಿಷದ ಓಡಾಟಕ್ಕೆ ಎಷ್ಟಾಗುತ್ತದೆ ಎಂಬ ಹೋಲಿಕೆಯ ಬೆಲೆ ಆ ಚೀಟಿಯಲ್ಲಿರುತ್ತದೆ. ನನ್ನ ಮಾವನವರು ಒಬ್ಬರೇ ಬಂದ ದಿನ ಚೀಟಿ ನೋಡದೆ ಹತ್ತಿ ಸಾಮಾನ್ಯ ದರದ ಮೂರರಷ್ಟು ಕೊಟ್ಟಿದ್ದರು.

ನೋಟು ಬದಲಾಯಿಸಿಕೊಂಡು ಬರುವುದು ಬೇಡ. ಇಲ್ಲಿ ಕಾಫಿಗೂ ಸಾರ್ವಜನಿಕ ಶೌಚಾಲಯಕ್ಕೂ ಕಾರ್ಡೇ. ಹಾಗಾಗಿ ಅಪ್ಪನ ಕೈಯಲ್ಲೂ ವಿದೇಶದಲ್ಲಿ ನಡೆಯುವ ಒಂದು ಕಾರ್ಡ್ ಇರಲಿ. ಎಪ್ಪತ್ತು ದಾಟಿದ ಮನುಷ್ಯ ಒಂದು ಬಾಟಲಿ ಜ್ಯೂಸಿಗೂ ಮಗನ ಮುಖ ನೋಡಬೇಕಾದರೆ ಅದು ಅವರಿಗೆ ಹಿಂಸೆ.

ಎರಡು ಮಕ್ಕಳ ತಂದೆ

ಮಕ್ಕಳಿಗೆ ವಾಸಾ ಹಡಗಿನ ಮ್ಯೂಸಿಯಂ ತೋರಿಸದೆ ಬರಬೇಡಿ. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟ ಯುದ್ಧನೌಕೆ ಅದು. ಬಂದರಿನಿಂದ ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಗಾಳಿ ಬೀಸಿ ವಾಲಿತು, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಊರಿನ ಜನರ ಕಣ್ಣೆದುರೇ ಮುಳುಗಿತು. ಎರಡು ಅಂತಸ್ತಿನ 64 ಫಿರಂಗಿಗಳು, ಮೇಲ್ಭಾರ ಹೆಚ್ಚು. ಹೊರಡುವ ಮೊದಲೇ ಒಂದು ಪರೀಕ್ಷೆ ನಡೆದಿತ್ತು: ಮೂವತ್ತು ಜನ ಒಟ್ಟಾಗಿ ಹಡಗಿನ ಈ ಬದಿಯಿಂದ ಆ ಬದಿಗೆ ಓಡಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ತೂಗಾಡಿತೆಂದರೆ ಪರೀಕ್ಷೆಯನ್ನೇ ನಿಲ್ಲಿಸಿದರು. ಆದರೂ ಹೊರಟಿತು. ನನ್ನ ಮಗ ಇದನ್ನು ಕೇಳಿ "ಗೊತ್ತಿದ್ದೂ ಯಾಕೆ ಕಳಿಸಿದರು?" ಎಂದು ರಾತ್ರಿಯವರೆಗೂ ಕೇಳುತ್ತಲೇ ಇದ್ದ.

333 ವರ್ಷ ನೀರಿನಡಿಯಲ್ಲಿದ್ದು 1961ರ ಏಪ್ರಿಲ್ 24ರಂದು ಮೇಲೆ ಬಂತು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹುಳು ಅಲ್ಲಿ ಬದುಕುವುದಿಲ್ಲ. ಅದಕ್ಕೇ ಹಡಗು ಉಳಿಯಿತು. ಇವತ್ತು ನಿಂತಿರುವುದರಲ್ಲಿ ನೂರಕ್ಕೆ 98 ಭಾಗ ಮೂಲ ಮರವೇ. ಒಳಗೆ ಮಂದ ಬೆಳಕು, ತಂಪು. ಅಮ್ಮನಿಗೆ ಶಾಲು ಇರಲಿ. ಲಿಫ್ಟ್ ಇದೆ. 18ರವರೆಗಿನವರಿಗೆ ಟಿಕೆಟ್ ಇಲ್ಲ.

ಹೋಗುವ ದಾರಿಯನ್ನೂ ಪ್ರವಾಸ ಮಾಡಿಕೊಳ್ಳಿ. ಸ್ಲುಸ್ಸೆನ್‌ನಿಂದ ಯೂರ್ಗೋರ್ಡೆನ್ ದ್ವೀಪಕ್ಕೆ ಹೋಗುವ 82ನೇ ನಂಬರಿನ ದೋಣಿ ಎಸ್ಎಲ್ ಟಿಕೆಟ್ಟಿನೊಳಗೇ ಬರುತ್ತದೆ. ಬೇರೆ ದೋಣಿ ಸವಾರಿಗೆ ದುಡ್ಡು ಕೊಡಬೇಕಾಗಿಲ್ಲ. ಬರುವಾಗ 7ನೇ ಟ್ರಾಮ್. ಅದೇ ದ್ವೀಪದಲ್ಲಿ 1891ರಲ್ಲಿ ಶುರುವಾದ ಸ್ಕಾನ್ಸೆನ್ ಇದೆ. ಸ್ವೀಡನ್ನಿನ ಮೂಲೆಮೂಲೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿರುವ ಬಯಲು ಮ್ಯೂಸಿಯಂ, ಜೊತೆಗೆ ಕರಡಿ, ತೋಳ, ಮೂಸ್ ಎಂಬ ದೊಡ್ಡ ಜಿಂಕೆ. ಅದಕ್ಕೆ ಬೇರೆಯೇ ದಿನ ಇಡಿ. ಗುಡ್ಡದ ಮೇಲಿದೆ, ಮುಖ್ಯ ದ್ವಾರದಲ್ಲಿ ಎಸ್ಕಲೇಟರ್ ಉಂಟು.

ಊರೂರು ಸುತ್ತುವವ

ಅಜ್ಜಿಯವರ ಮಾತಿಗೆ ನಾನು ತಲೆಬಾಗುತ್ತೇನೆ. ಓಸ್ಲೋ, ಕೋಪನ್‌ಹೇಗನ್ ಬಿಡಿ. ಆದರೆ ನೀರಿನ ಮೇಲೆ ಒಂದು ದಿನವಾದರೂ ಇರಲಿ ಎಂಬ ನನ್ನ ಮಾತು ಉಳಿಸಿಕೊಳ್ಳಿ. ಊರೇ 14 ದ್ವೀಪಗಳ ಮೇಲಿದೆ, ಆಚೆ ಸುಮಾರು 30,000 ದ್ವೀಪಗಳ ಸಮೂಹ.

ಕಿಸ್ಟಾ ವಾಸಿ

ಅದಕ್ಕೆ ವಾಕ್ಸ್‌ಹೋಮ್ ಎಂಬ ದ್ವೀಪದ ಊರು ಸಾಕು. ಹೋಗುವಾಗ ತೆಕ್ನಿಸ್ಕಾ ಹೊಗ್‌ಸ್ಕೋಲಾನ್ ಮೆಟ್ರೋ ನಿಲ್ದಾಣದಿಂದ 670ನೇ ಬಸ್, ಬರುವಾಗ ಹಡಗು. ಹುಲ್ಲಿನಲ್ಲಿ ಆಡಿ ಬಂದ ಮೇಲೆ ಮಕ್ಕಳ ಮೊಣಕಾಲ ಹಿಂಭಾಗ, ಕಂಕುಳು, ಕಿವಿಯ ಹಿಂದೆ ಉಣ್ಣೆ ಹುಳು ಕಚ್ಚಿದೆಯೇ ಎಂದು ತಪ್ಪದೆ ನೋಡಿ. ಇಲ್ಲಿಯ ಉಣ್ಣೆಯಿಂದ ಕಾಯಿಲೆ ಹರಡುತ್ತದೆ.

ವಿಜ್ಞಾನ ಮೇಷ್ಟ್ರು

ನಾಲ್ಕು ದಿನದಿಂದ ಓದುತ್ತಿದ್ದೇನೆ, ನಿಮ್ಮ ತಂದೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನೂ ಅದೇ ವೃತ್ತಿಯವನು, 2019ರಲ್ಲಿ ಅಲ್ಲಿಗೆ ಹೋಗಿದ್ದೆ.

ಎಲ್ಲರೂ ನೊಬೆಲ್ ಎಂದೊಡನೆ ನಗರಸಭೆಯ ಕಟ್ಟಡಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನಡೆಯುವುದು ಭೋಜನಕೂಟ. ಬಹುಮಾನ ಕೊಡುವುದು ಬೇರೆ ಕಡೆ: ಹೊತೋರ್ಯೆಟ್ ಚೌಕದಲ್ಲಿರುವ ಸಂಗೀತ ಸಭಾಂಗಣ, ಕಾನ್ಸರ್ಟ್‌ಹೂಸೆಟ್. ಅದು ಉದ್ಘಾಟನೆಯಾದದ್ದು 1926ರಲ್ಲಿ. ರಾಮನ್ ಅವರು 1930ರ ಡಿಸೆಂಬರ್ 10ರಂದು ಐದನೆಯ ಗುಸ್ತಾವ್ ದೊರೆಯ ಕೈಯಿಂದ ಬಹುಮಾನ ಪಡೆದದ್ದು ಆ ಕಟ್ಟಡದೊಳಗೆ. ಹೊರಗೆ ನೀಲಿ ಬಣ್ಣ, ಮುಂದೆ ಎತ್ತರದ ಹತ್ತು ಕಂಬಗಳು. ಮೆಟ್ಟಿಲ ಮೇಲೆ ನಿಲ್ಲಲು ಯಾರ ಅಪ್ಪಣೆಯೂ ಬೇಡ, ಮೆಟ್ರೋ ನಿಲ್ದಾಣ ಪಕ್ಕದಲ್ಲೇ. ಎದುರಿನ ಚೌಕದಲ್ಲಿ ಹಣ್ಣು, ತರಕಾರಿ, ಹೂವಿನ ಸಂತೆ. ಭಾನುವಾರ ಹಳೆಯ ಸಾಮಾನಿನ ಸಂತೆ, ಆದ್ದರಿಂದ ವಾರದ ದಿನವೇ ಹೋಗಿ. ಮುಂದಿರುವ ಆರ್ಫಿಯಸ್ ಕಾರಂಜಿ 1936ರದ್ದು, ರಾಮನ್ ಅದನ್ನು ನೋಡಿರಲಿಲ್ಲ.

ಆಮೇಲೆ ಹಳೆಯ ಊರು ಗಾಮ್ಲಾ ಸ್ತಾನ್‌ನ ನೊಬೆಲ್ ಮ್ಯೂಸಿಯಂ. ಬಹುಮಾನಿತರ ಚಿತ್ರಪಟಗಳು ಚಾವಣಿಯ ಹಳಿಯಲ್ಲಿ ತೂಗಿಕೊಂಡು ಒಂದೊಂದಾಗಿ ಸಾಗುತ್ತಿರುತ್ತವೆ. ಯಾರದು ಯಾವಾಗ ಬರುತ್ತದೆಂದು ಹೇಳಲಾಗದು. ಗಾಮ್ಲಾ ಸ್ತಾನ್‌ನಲ್ಲಿ ನೆಲಕ್ಕೆಲ್ಲ ಉಬ್ಬುತಗ್ಗಿನ ಕಲ್ಲು ಹಾಸಿದ್ದಾರೆ. ಮಂಡಿನೋವಿನವರಿಗೆ ಬಹಳ ಕಷ್ಟ, ನಿಧಾನವಾಗಿ ಕರೆದುಕೊಂಡು ಹೋಗಿ.

ಶಿವಮೊಗ್ಗದ ಮಗಳು

ಸರ್, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ತಮ್ಮನೂ ಒಪ್ಪಿದ್ದಾನೆ: ಮೇ 13ರಿಂದ 26ರವರೆಗೆ, ಒಂದೇ ಊರು. ಹೋಗಿಬಂದು ಇಲ್ಲೇ ಬರೆಯುತ್ತೇನೆ.

ಶಿವಮೊಗ್ಗದ ಮಗಳು (ಜೂನ್ 7)

ಬಂದು ಹತ್ತು ದಿನ ದಾಟಿತು, ಮಕ್ಕಳ ಶಾಲೆಯ ಗಡಿಬಿಡಿಯಲ್ಲಿ ಬರೆಯಲು ತಡವಾಯಿತು. ಕ್ಷಮಿಸಿ.

ವೀಸಾ ಮಾರ್ಚ್ ಕೊನೆಗೇ ಬಂತು. ದೋಹಾ ಮೂಲಕ ಹೋದೆವು. ಆರ್ಲಾಂಡಾದ ಸಾಲಿನಲ್ಲಿ ಒಂದೂವರೆ ಗಂಟೆ ನಿಲ್ಲಬೇಕಾಯಿತು, ಗಾಲಿಕುರ್ಚಿ ಇದ್ದದ್ದರಿಂದ ಅಮ್ಮನಿಗೆ ಕಷ್ಟವಾಗಲಿಲ್ಲ. ನಾವು ಜೂನಿನ ಹಾಗೆ ಬೆಚ್ಚಗಿರುತ್ತದೆಂದು ಭಾವಿಸಿ ಕಟ್ಟಿದ ಬಟ್ಟೆ ಸಾಲಲಿಲ್ಲ. ಮೇ ತಿಂಗಳಲ್ಲಿ ನೆರಳಿಗೆ ಬಂದರೆ ಚಳಿ, ಗಾಳಿ ಎದ್ದರೆ ಕಿವಿ ನೋವು. ಅಪ್ಪನಿಗೆ ಉಣ್ಣೆಯ ಟೋಪಿ ಅಲ್ಲೇ ಕೊಂಡೆವು. ಹೋಗುವವರು ಸ್ವೆಟರ್ ಮೇಲೆ ಹಾಕಿಕೊಳ್ಳಲು ಗಾಳಿ ತಡೆಯುವ ಒಂದು ಜಾಕೆಟ್ ಇಟ್ಟುಕೊಳ್ಳಿ.

ಅಮ್ಮ ಮೊದಲ ಮೂರು ದಿನ ಬೆಳಿಗ್ಗೆ ನಾಲ್ಕಕ್ಕೇ ಬೆಳಕಾಗಿದೆ ಎಂದು ಎದ್ದು ಕೂತರು. ಕಿಟಕಿಗೆ ಕಪ್ಪು ಪರದೆ ಎಳೆದ ಮೇಲೆ ಸರಿಹೋಯಿತು. ತಮ್ಮ ಆಫೀಸಿಗೆ ಹೊರಟ ದಿನಗಳಲ್ಲಿ ಅವನ ಕಟ್ಟಡದ ಬಾಗಿಲ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಕಾಗದದ ಮೇಲೆ ಬರೆದು ಅಮ್ಮನ ಪರ್ಸಿನಲ್ಲಿಟ್ಟಿದ್ದೆವು. ಅವರೇ ಮೊಮ್ಮಗಳನ್ನು ಕೆಳಗಿನ ಆಟದ ಅಂಗಳಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಒಂದು ದಿನ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ನನ್ನೊಡನೆ ಬಂದರು. ಇಡೀ ಕಟ್ಟಡಕ್ಕೆ ಒಂದೇ ಕೋಣೆ, ಪ್ರತಿ ಮನೆಯವರೂ ಹೊತ್ತು ಕಾದಿರಿಸಿಕೊಳ್ಳಬೇಕು. ಮುಗಿಸಿ ಹೊರಡುವಾಗ ನೆಲ ಒರೆಸಿ, ಯಂತ್ರದ ಜಾಲರಿಯ ದೂಳು ತೆಗೆದಿಡಬೇಕು. "ಇಷ್ಟು ಜನ ಒಂದೇ ಯಂತ್ರ ಬಳಸಿಯೂ ಒಂದು ಕೂದಲೆಳೆ ಇಲ್ಲವಲ್ಲ" ಎಂದು ಅಮ್ಮ ಊರಿಗೆ ಬಂದ ಮೇಲೂ ಎಲ್ಲರಿಗೂ ಹೇಳುತ್ತಿದ್ದಾರೆ. ಏಲಕ್ಕಿ ಬನ್ನಿನ ವಾಸನೆಗೆ ಬೇಕರಿಯ ಮುಂದೆ ನಿಂತೇಬಿಟ್ಟರು. ಮೊಟ್ಟೆಯಿಲ್ಲದ್ದು ಮೂರನೆಯ ಅಂಗಡಿಯಲ್ಲಿ ಸಿಕ್ಕಿತು.

ಮಗನಿಗೆ ವಾಸಾ ಹಡಗು ತಲೆಗೆ ಹತ್ತಿಬಿಟ್ಟಿದೆ. ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತು ಗುರುತ್ವಕೇಂದ್ರ ಎಂದರೇನೆಂದು ನೀರಿನ ಬಾಟಲಿಯನ್ನು ವಾಲಿಸಿ ವಾಲಿಸಿ ಹೇಳಿಕೊಟ್ಟರು. ಇನ್ನೊಂದು ರಾತ್ರಿ ಹನ್ನೊಂದಕ್ಕೂ ಬಾನಂಚಿನಲ್ಲಿ ಬೆಳಕಿದ್ದುದನ್ನು ನೋಡಿ ಅವನು ಯಾಕೆಂದು ಕೇಳಿದ. ಅಪ್ಪ ಹಾಲಿನ ಡಬ್ಬದ ರಟ್ಟು ಹರಿದು ಲೆಕ್ಕ ಬರೆದರು. ಸ್ಟಾಕ್‌ಹೋಮ್ ಇರುವುದು 59.3 ಡಿಗ್ರಿ ಅಕ್ಷಾಂಶದಲ್ಲಿ. ಜೂನ್ 21ರಂದು ಸೂರ್ಯ 23.4 ಡಿಗ್ರಿ ಉತ್ತರಕ್ಕಿರುತ್ತಾನೆ. 90ರಿಂದ ಎರಡನ್ನೂ ಕಳೆದರೆ 7.3. ಅಂದರೆ ನಡುರಾತ್ರಿಯಲ್ಲೂ ಸೂರ್ಯ ದಿಗಂತದ ಕೆಳಗೆ ಏಳು ಡಿಗ್ರಿ ಮಾತ್ರ ಇಳಿಯುತ್ತಾನೆ. ಆಮೇಲೆ ಆ ದಿನದ ಲೆಕ್ಕವನ್ನು ಮಗನ ಕೈಯಲ್ಲೇ ಮಾಡಿಸಿದರು; ಹತ್ತೂ ಮುಕ್ಕಾಲು ಡಿಗ್ರಿ ಬಂತು. ಆ ರಟ್ಟಿನ ಚೂರನ್ನು ಅವನು ಊರಿಗೆ ತಂದಿದ್ದಾನೆ.

ನೊಬೆಲ್ ಮ್ಯೂಸಿಯಂನಲ್ಲಿ ಅಪ್ಪ ಮುಕ್ಕಾಲು ಗಂಟೆ ತಲೆಯೆತ್ತಿ ಕೂತರು. ರಾಮನ್ ಅವರ ಪಟ ಬರಲಿಲ್ಲ. 1983ರ ಚಂದ್ರಶೇಖರ್ ಬಂದರು. "ಇವರು ರಾಮನ್ ಅವರ ಅಣ್ಣನ ಮಗ" ಎಂದು ಮೊಮ್ಮಗನಿಗೆ ತೋರಿಸಿ, ಸಾಕು ಹೋಗೋಣ ಎಂದು ಎದ್ದರು.

ಕಾನ್ಸರ್ಟ್‌ಹೂಸೆಟ್‌ಗೆ ಹೋದದ್ದು 15ರ ಶುಕ್ರವಾರ. ಚೌಕದ ತುಂಬ ಸಂತೆ, ವ್ಯಾಪಾರಿಗಳು ನಮ್ಮ ಮಾರುಕಟ್ಟೆಯವರ ಹಾಗೆಯೇ ಬೆಲೆ ಕೂಗುತ್ತಿದ್ದರು. ಅಮ್ಮ ಅಲ್ಲೇ ಟೊಮೆಟೊ ಆರಿಸುತ್ತ ನಿಂತರು. ಅಪ್ಪ ಮೆಟ್ಟಿಲು ಹತ್ತಿ ಕಂಬಗಳನ್ನು ಒಂದೊಂದಾಗಿ ಎಣಿಸಿ, ಹತ್ತನೆಯದರ ಮೇಲೆ ಅಂಗೈ ಇಟ್ಟರು. ಕಲ್ಲು ತಣ್ಣಗಿತ್ತೆಂದು ಆಮೇಲೆ ಹೇಳಿದರು. ತಮ್ಮ ಕಾರಂಜಿಯ ಹತ್ತಿರ ನಿಲ್ಲಿಸಿ ಫೋಟೋ ತೆಗೆಯಲು ಹೋದ. ಅಪ್ಪ ಬೇಡವೆಂದು ಪಕ್ಕಕ್ಕೆ ಸರಿದರು. "ಮೂವತ್ತರಲ್ಲಿ ಇದು ಇರಲಿಲ್ಲ, ಕಂಬಗಳು ಮಾತ್ರ ಬರುವ ಹಾಗೆ ತೆಗೆ" ಎಂದರು. ಉಣ್ಣೆಯ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು.

ವಿಜ್ಞಾನ ಮೇಷ್ಟ್ರು

ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಮೂರು ಸಲ ಹೋದ ಅಜ್ಜಿ

ಅಮ್ಮನ ಮಂಡಿ ಹೇಗಿದೆ ಮಗಳೇ?

ಶಿವಮೊಗ್ಗದ ಮಗಳು

ಚೆನ್ನಾಗಿದೆ ಅಮ್ಮ. ವಾಕ್ಸ್‌ಹೋಮಿನಿಂದ ಬಂದ ರಾತ್ರಿ ಒಮ್ಮೆ ಬಾತುಕೊಂಡಿತ್ತು, ಮರುದಿನ ನೀವು ಹೇಳಿದ ಹಾಗೆ ಮನೆಯಲ್ಲೇ ಇದ್ದೆವು. ತಮ್ಮ ಮನೆಯಿಂದಲೇ ಕೆಲಸ ಮಾಡಿದ. ಮಧ್ಯಾಹ್ನ ಅಮ್ಮ ಮೆಂತ್ಯದ ದೋಸೆ ಹಾಕಿದರು, ಅವನು ಎರಡು ಸಭೆಗಳ ನಡುವೆ ಎದ್ದುಬಂದು ಒಲೆಯ ಪಕ್ಕ ನಿಂತೇ ಐದು ತಿಂದ.